ಕಂಚಿನ ತೂಕ

ನಮ್ಮ ಮನೆಯಲ್ಲಿ ಒಂದು ಕಂಚಿನ ದೀಪವಿದ್ದಿತು. ತಂದೆಯವರು ತೀರಿಕೊಂಡ ವರುಷ ಅದನ್ನು ಕಂಚುಗಾರನ ತಕ್ಕಡಿಯಲ್ಲಿಟ್ಟು, ಬಂದ ಹಣದಿಂದ ಶಾಲೆಯ ಶುಲ್ಕವನ್ನು ತೆತ್ತೆವು. ತಕ್ಕಡಿ ಲೋಹವನ್ನು ತೂಗಿತು. ತಾಯಿಯವರು ಸಂಜೆ ಸಂಜೆಯೂ ಬತ್ತಿ ಹೊಸೆದ ವರುಷಗಳನ್ನು ತೂಗಲಿಲ್ಲ. ಚೀನದ ಹೊನ್ನಲೇಪದ ಬೋಧಿಸತ್ತ್ವ ವಿಗ್ರಹಗಳ ಚಿತ್ರಗಳನ್ನು ನೋಡುವಾಗಲೆಲ್ಲ ನಮಗೆ ಆ ತಕ್ಕಡಿಯ ನೆನಪಾಗುತ್ತದೆ.

ತನ್ನೊಬ್ಬನ ಮುಕ್ತಿಯನ್ನೇ ಬಯಸದೆ ಸಕಲ ಜೀವಿಗಳ ಬಿಡುಗಡೆಗಾಗಿ ನಿಂತವನು ಬೋಧಿಸತ್ತ್ವ. ಬುದ್ಧನಿಗೆ ಸಂನ್ಯಾಸಿಯ ಚೀವರವಾದರೆ, ಇವನಿಗೆ ಕಿರೀಟ, ಹಾರ, ಇಳಿಬಿದ್ದ ಉತ್ತರೀಯ. ಚೀನದ ಕುಶಲಿಗಳು ಇವನನ್ನು ಕಂಚಿನಲ್ಲಿ ಎರಕ ಹೊಯ್ದು, ಪಾದರಸದೊಡನೆ ಬೆರೆಸಿದ ಹೊನ್ನನ್ನು ಮೈಗೆ ಬಳಿದು ಕಾಯಿಸುತ್ತಿದ್ದರು. ಪಾದರಸವು ಆವಿಯಾಗಿ ಹೋಗುವುದು, ಹೊನ್ನು ಕಂಚನ್ನು ಅಪ್ಪಿ ಉಳಿಯುವುದು. ಆ ಆವಿಯೋ ವಿಷ. ವಿಗ್ರಹದ ಶಾಂತವಾದ ಹೊಳಪಿನ ಹಿಂದೆ ಹೆಸರಿಲ್ಲದವರ ಉಸಿರೂ ಸವೆದಿದೆ.

ಆದರೆ ಕಂಚಿಗೆ ಇನ್ನೊಂದು ಬೆಲೆಯೂ ಉಂಟಷ್ಟೆ! 845ರಲ್ಲಿ ತಾಂಗ್ ವಂಶದ ವೂಜುಂಗ್ ಚಕ್ರವರ್ತಿಯು 4,600ಕ್ಕೂ ಹೆಚ್ಚು ವಿಹಾರಗಳನ್ನು ಕೆಡವಿಸಿ, ಕಂಚಿನ ವಿಗ್ರಹಗಳನ್ನು ಕರಗಿಸಿ ನಾಣ್ಯ ಹೊಯ್ಯಲು ಆಜ್ಞಾಪಿಸಿದನು. 955ರಲ್ಲಿ ಉತ್ತರಕಾಲೀನ ಝೌ ವಂಶದ ಶಿಜುಂಗನೂ ಹಾಗೆಯೇ ಮಾಡಿದನು. ರಾಜ್ಯಕ್ಕೆ ತಾಮ್ರದ ಕೊರತೆಯಿದ್ದಿತು. ನಾವು ಅವರನ್ನು ಜರೆಯಲಾರೆವು, ಕೊರತೆಯೆಂದರೇನೆಂಬುದನ್ನು ಬಲ್ಲೆವು.

ಆ ಬೆಂಕಿಗಳನ್ನು ತಪ್ಪಿಸಿಕೊಂಡುದೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಉತ್ತರ ವೇಯ್ ವಂಶದ ಕಾಲದ್ದು. ಅದರ ಮೇಲಿನ ವರುಷ 524. ಎತ್ತರ ಸುಮಾರು 77 ಸೆಂಟಿಮೀಟರು. ನಡುವೆ ಮೈತ್ರೇಯ: ಇಂದಿನ ಬೋಧಿಸತ್ತ್ವ, ಮುಂದಿನ ಬುದ್ಧ. ಸುತ್ತಲೂ ಬೋಧಿಸತ್ತ್ವರು, ಹಿಂದೆ ಜ್ವಾಲೆಯಂತಹ ಪ್ರಭಾವಳಿ. ಪೀಠದ ಮೇಲೊಂದು ಬರೆಹ. ತೀರಿಹೋದ ಮಗನ ನೆನಪಿಗಾಗಿ ತಂದೆಯೊಬ್ಬನು ಇದನ್ನು ಮಾಡಿಸಿದನೆಂದು ಅದು ಹೇಳುತ್ತದೆ.

ವಂಶಗಳು ಅಳಿದುವು, ಆ ನಾಣ್ಯಗಳು ಕೈಬದಲಿ ಕರಗಿದುವು. ಹದಿನೈದು ಶತಮಾನಗಳ ಆಚೆಯ ತಂದೆಯೊಬ್ಬನ ದುಃಖವು ಮಾತ್ರ, ಯಾರೋ ಕೊರೆದ ಕೆಲವು ಅಕ್ಷರಗಳಿಂದಾಗಿ, ನಮ್ಮಂತಹ ಪರದೇಶದವರಿಗೂ ತಲುಪಿತು. ಅಕ್ಷರವಿಲ್ಲದಿದ್ದರೆ ಅದೂ ಒಂದು ಸುಂದರವಾದ ಲೋಹವಾಗಿ ನಿಲ್ಲುತ್ತಿದ್ದಿತು.

ನಮ್ಮ ದೀಪದ ಮೇಲೆ ಬರೆಹವೇನೂ ಇರಲಿಲ್ಲ. ಅದನ್ನು ಯಾರು, ಯಾರಿಗಾಗಿ ತಂದರೆಂದು ನಾವು ತಾಯಿಯವರನ್ನು ಕೇಳಲಿಲ್ಲ. ಈಗ ಕೇಳಲು ಅವರಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಳೆಯ ಪಾತ್ರೆಯನ್ನು ಬೆಳಗುವಾಗ ಹಿರಿಯರನ್ನು ಕೇಳಿರಿ, ಕೇಳಿದುದನ್ನು ಬರೆದಿಡಿರಿ. ನಾವು ಅಕ್ಷರ ಕಲಿತದ್ದು ಆ ದೀಪದ ಹಣದಿಂದ. ಅದರ ಪೀಠದ ಮೇಲೆ ಇರಬೇಕಾಗಿದ್ದ ಬರೆಹವನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇವೆ.