ಸಾಂಗೆಯ ಕೆಮ್ಮಣ್ಣಿನಲ್ಲಿ ಜೀಪುಗಳ ಪಂದ್ಯ

ಆಷಾಢದ ಮಳೆ ಹಿಡಿದ ಮೇಲೆ ಗೋವೆಯ ಒಳನಾಡನ್ನು ನೋಡಬೇಕು. ಕಡಲತೀರವನ್ನಷ್ಟೇ ಕಂಡು ಮರಳುವ ಪ್ರವಾಸಿಗೆ ಸಾಂಗೆ ತಾಲೂಕಿನ ಪರಿಚಯವಿರುವುದು ಅಪರೂಪ. ವಾಸ್ಕೊದಲ್ಲಿ ನೆಲೆನಿಂತ ನಮ್ಮಂಥ ಕನ್ನಡ ಕುಟುಂಬಗಳಿಗೂ ಆ ಕಡೆಯ ಬಳಕೆ ಕಡಿಮೆಯೇ. ಜೀಪುಗಳ ಹುಚ್ಚು ಹತ್ತಿಸಿಕೊಂಡಿದ್ದ ಗೆಳೆಯರೊಬ್ಬರು, "ಕಾಡಂಚಿನಲ್ಲಿ ಒಂದು ದಿನದ ಪಂದ್ಯ ಇಟ್ಟಿದ್ದೇವೆ, ಕೈಜೋಡಿಸಲು ಜನ ಬೇಕು" ಎಂದು ಕರೆದಾಗ, ಕುತೂಹಲದಿಂದಲೇ ನಾವು ನಾಲ್ವರು ಒಪ್ಪಿಕೊಂಡೆವು. ಒಂದು ದಿನದ ಪಂದ್ಯಕ್ಕೆ ಎರಡು ತಿಂಗಳ ದುಡಿಮೆ ಬೇಕೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಮಡಗಾಂವದಿಂದ ಕೇಪೆಯ ಮೇಲೆ ಸಾಂಗೆಗೆ ಸಾಗುವ ದಾರಿಯ ಇಕ್ಕೆಲಗಳಲ್ಲಿ ತೆಂಗು, ಅಡಕೆ, ಗದ್ದೆಗಳು; ಎದುರಿಗೆ ಸಹ್ಯಾದ್ರಿಯ ನೀಲಿ ಗೋಡೆ. ಗೋವೆಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಘಟ್ಟದ ಬುಡದಲ್ಲಿ ಅದಕ್ಕೂ ಹೆಚ್ಚು. ಇಲ್ಲಿಯೇ ಸಾಳಾವಲಿ ಅಣೆಕಟ್ಟು. ಹಿಂದೂಸ್ತಾನಿ ಗಾಯಕಿ ಮೊಗೂಬಾಯಿ ಕುರ್ಡಿಕರರು ಹುಟ್ಟಿದ ಕುರ್ಡಿ ಗ್ರಾಮ ಈ ನೀರಿನಡಿ ಮಲಗಿದೆ. ಬೇಸಗೆಯ ಕೊನೆಯಲ್ಲಿ ನೀರಿಳಿದಾಗ ಅದರ ನೆಲಗಟ್ಟುಗಳು ತಲೆಯೆತ್ತುತ್ತವೆ. ಆ ಊರಿನ ಕದಂಬರ ಕಾಲದ ಮಹಾದೇವ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಅಣೆಕಟ್ಟಿನ ಸಮೀಪಕ್ಕೆ ತಂದು ಮರಳಿ ಕಟ್ಟಿದ್ದಾರೆ. ಕನ್ನಡಿಗರಾದ ನಾವು ಅಲ್ಲಿ ಕ್ಷಣಕಾಲ ಕೈಮುಗಿಯದೆ ಮುಂದೆ ಹೋಗಲಾರೆವು.

ಕೆಸರಿನಲ್ಲಿ ವಾಹನ ಓಡಿಸುವ ಈ ಆಟ ಗೋವೆಗೆ ಹೊಸದಲ್ಲ. 1997ರಲ್ಲಿ ಮಲೇಷ್ಯಾದಲ್ಲಿ ಆರಂಭವಾದ ರೇನ್‌ಫಾರೆಸ್ಟ್ ಚಾಲೆಂಜ್ ಎಂಬ ಪಂದ್ಯವನ್ನು ಬೇಕೆಂದೇ ಮಳೆಗಾಲದಲ್ಲಿ ನಡೆಸುತ್ತಾರೆ. ಅದರ ಭಾರತದ ಆವೃತ್ತಿ 2014ರಲ್ಲಿ ಗೋವೆಯಲ್ಲಿ ಮೊದಲಾಯಿತು. ನಾವು ದುಡಿದದ್ದು ಅಂಥ ದೊಡ್ಡ ಪಂದ್ಯದಲ್ಲಲ್ಲ. ಗೆಳೆಯರ ಬಳಗದ ಚಿಕ್ಕ ಪ್ರಯತ್ನದಲ್ಲಿ. ಆದರೆ ಆಟದ ಕ್ರಮ ಹೆಚ್ಚುಕಡಿಮೆ ಅದೇ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ವಾಹನ; ಅದಕ್ಕೊಬ್ಬ ಚಾಲಕ, ಒಬ್ಬ ಸಹಚಾಲಕ. ಪಟ್ಟಿ ಕಟ್ಟಿ ಗುರುತಿಸಿದ ಹಾದಿಯನ್ನು ನಿಗದಿಯಾದ ಸಮಯದೊಳಗೆ ದಾಟಬೇಕು. ಗೂಟ ಬಿದ್ದರೆ, ಪಟ್ಟಿ ಹರಿದರೆ ಅಂಕ ಕಡಿತ. ವೇಗಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ. ಕೆಲವೊಮ್ಮೆ ನೂರು ಮೀಟರು ದಾಟಲು ಅರ್ಧ ಗಂಟೆ ಹಿಡಿಯುತ್ತದೆ.

ಮೊದಲ ಕೆಲಸ ಜಾಗ ಹುಡುಕುವುದು. ತಾಲೂಕಿನ ಪೂರ್ವಕ್ಕೆ 1999ರಲ್ಲಿ ಘೋಷಿತವಾದ ನೇತ್ರಾವಳಿ ಅಭಯಾರಣ್ಯವಿದೆ. ಅದರ ಗಡಿಯಿಂದ ದೂರವೇ ಉಳಿಯಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಗಣಿಗಾರಿಕೆ ನಿಂತು ಪಾಳುಬಿದ್ದ ಖಾಸಗಿ ಜಮೀನೊಂದು ದೊರೆಯಿತು. ಒಡೆಯರ ಒಪ್ಪಿಗೆ, ಪಂಚಾಯತಿಯ ಪತ್ರ, ಪೊಲೀಸರ ಅನುಮತಿ, ವಿಮೆ, ವೈದ್ಯರು, ಆಂಬುಲೆನ್ಸು—ಇವುಗಳಿಗಾಗಿ ಅಲೆದಾಡಿದ ಕಥೆಯನ್ನು ವಿಸ್ತರಿಸುವುದಿಲ್ಲ. ಕಚೇರಿಗಳ ಮೆಟ್ಟಿಲು ಹತ್ತಿದ ವಾಚಕರು ಅದನ್ನು ಊಹಿಸಿಕೊಳ್ಳಬಲ್ಲರು.

ಜಾಗ ಸಿಕ್ಕ ಮೇಲೆ ಹಾದಿಯನ್ನು ಕಾಲ್ನಡಿಗೆಯಲ್ಲಿಯೇ ಅಳೆಯಬೇಕು. ಕೈಯಲ್ಲಿ ಬಿದಿರಿನ ಗಳು, ಕಾಲಿಗೆ ಉಪ್ಪು ಮತ್ತು ಹೊಗೆಸೊಪ್ಪಿನ ಲೇಪ. ಆದರೂ ಉಂಬಳಗಳು ನಮ್ಮನ್ನು ಬಿಡಲಿಲ್ಲ. ನೀರು ನಿಂತ ಗುಂಡಿಯ ಆಳವೆಷ್ಟು, ಕೆಸರಿನಡಿ ಕಲ್ಲಿದೆಯೋ ಇಲ್ಲವೋ, ವಾಹನ ಮಗುಚಿದರೆ ಎತ್ತ ಉರುಳೀತು, ಗಾಯಗೊಂಡವರನ್ನು ಯಾವ ದಾರಿಯಿಂದ ಹೊರತರಬೇಕು—ಎಲ್ಲವನ್ನೂ ಬರೆದುಕೊಂಡೆವು. ಅಲ್ಲಿ ಮೊಬೈಲಿಗೆ ಸಂಕೇತ ಸಿಗದು; ಪ್ರತಿ ಹಂತಕ್ಕೊಂದು ವಾಕಿಟಾಕಿ ಬೇಕಾಯಿತು.

ಹೀಗೆ ಐದು ಹಂತಗಳನ್ನು ಗುರುತಿಸಿದೆವು. ಅವುಗಳಲ್ಲಿ ನಾಲ್ಕನೆಯದೇ ಎಲ್ಲರ ಮೆಚ್ಚಿನದು: ತೊರೆಯೊಂದನ್ನು ದಾಟಿ, ಹುಲ್ಲು ಹಬ್ಬಿದ ಕಡಿದಾದ ದಿಬ್ಬವನ್ನು ಏರುವುದು. ಛಾಯಾಚಿತ್ರಕಾರರು ನಿಲ್ಲುವ ಜಾಗವನ್ನೂ ಆರಿಸಿಯಾಗಿತ್ತು. ನೆಲ ಸಮಮಾಡುವ ಯಂತ್ರದೊಡನೆ ಬಂದ ಚಾಲಕರು ಬಾಗಲಕೋಟೆಯ ಕಡೆಯವರು. ಗಣಿಯ ಕೆಲಸಕ್ಕೆಂದು ಬಂದು ಇಲ್ಲಿಯೇ ಸಂಸಾರ ಹೂಡಿದವರು. ನಮ್ಮ ಕನ್ನಡ ಕೇಳಿ ಹತ್ತಿರ ಬಂದು, ದಿಬ್ಬದತ್ತ ಕೈತೋರಿ, "ಇಲ್ಲಿ ಗಾಡಿ ಹತ್ತಸಬ್ಯಾಡ್ರಿ ಸಾಹೇಬ್ರ. ಇದು ಗುಡ್ಡ ಅಲ್ಲ, ನಾವ ಸುರುವಿದ ಮಣ್ಣು. ಮ್ಯಾಲ ಹುಲ್ಲು ಬೆಳದೈತಿ, ಒಳಗ ಗಟ್ಟಿ ಆಗಿಲ್ಲ" ಎಂದರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೋವೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ತಾವೇ ಸುರಿದ ಮಣ್ಣಿನ ಗುಣ ಅವರಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಅದೇ ಸಂಜೆ ತೊರೆಯ ಕೆಳಗಿನ ಕುಳಾಗರದಿಂದ ಅಜ್ಜಿಯೊಬ್ಬರು ಬಂದರು. ಅಡಕೆ, ಬಾಳೆ, ಕಾಳುಮೆಣಸು ಕೂಡಿ ಬೆಳೆಯುವ ತೋಟಕ್ಕೆ ಇಲ್ಲಿ ಕುಳಾಗರವೆನ್ನುತ್ತಾರೆ. ಕೊಂಕಣಿಯಲ್ಲಿ ಅವರು ಕೇಳಿದ ಪ್ರಶ್ನೆ ಒಂದೇ: "ಗಾಡಿಗಳು ತೊರೆಗೆ ಇಳಿದರೆ ನಾನು ಕುಡಿಯುವ ನೀರು ಏನಾಗುತ್ತದೆ?" ಅವರ ತವರು ಕುರ್ಡಿಯಂತೆ. "ತವರು ನೀರಿನಡಿ ಹೋಯಿತು. ಇಲ್ಲಿಯ ನೀರಾದರೂ ತಿಳಿಯಾಗಿರಲಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಹಿಂದಿರುಗಿದರು.

ಆ ರಾತ್ರಿ ವಾದವಾಯಿತು. ನಾಲ್ಕನೆಯ ಹಂತ ಹೋದರೆ ಪಂದ್ಯದ ರಂಗೇ ಹೋಯಿತೆಂದು ಕೆಲವರು; ಕಾಗದದ ಮೇಲೆ ಅನುಮತಿ ಇದೆಯಲ್ಲ ಎಂದು ಇನ್ನು ಕೆಲವರು. ಅನುಮತಿ ಕೊಟ್ಟವರು ಆ ನೀರು ಕುಡಿಯುವುದಿಲ್ಲ ಎಂದು ನಾವು ಹೇಳಿದೆವು. ಕೊನೆಗೆ ಆ ಹಂತವನ್ನೇ ಕೈಬಿಟ್ಟು, ಅದರತ್ತ ಸಾಗುವ ದಾರಿಗೆ ಅಡ್ಡಲಾಗಿ ಗಳು ಕಟ್ಟಿದೆವು.

ಪಂದ್ಯದ ದಿನ ಬೆಳಗಿನಿಂದಲೇ ಜಡಿಮಳೆ. ಹದಿನಾಲ್ಕು ವಾಹನಗಳು ಬಂದಿದ್ದವು. ನಾಲ್ಕನೆಯ ಹಂತವಿಲ್ಲವೆಂದು ತಿಳಿದು ಗೊಣಗಿದವರೂ ಇದ್ದರು. ನಮ್ಮ ಪಾಲಿಗೆ ಎರಡನೆಯ ಹಂತದ ಕಾವಲು. ಕೆಂಪು ಬಾವುಟ, ಸೀಟಿ, ಗಡಿಯಾರ ನಮ್ಮ ಆಯುಧಗಳು. ಚಕ್ರಗಳು ಹೂತಾಗ ವಾಹನದ ಮುಂದಿರುವ ವಿಂಚಿನ ಉಕ್ಕಿನ ಹಗ್ಗವೇ ಗತಿ. ಸಹಚಾಲಕ ಕೆಸರಿಗೆ ಜಿಗಿದು, ಮರದ ತೊಗಟೆ ಕೊಯ್ಯದಂತೆ ಅಗಲವಾದ ನೈಲಾನ್ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕೊಂಡಿ ಹಾಕಬೇಕು. ನಡುವೆ ರಾಟೆಯೊಂದನ್ನು ಸೇರಿಸಿದರೆ ಎಳೆತದ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಬಿಗಿದ ಹಗ್ಗ ಹರಿದರೆ ಅದು ಚಾಟಿಯಂತೆ ಬೀಸುತ್ತದೆ. ಆದಕಾರಣ ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸದೆ ವಿಂಚು ತಿರುಗಿಸಕೂಡದು, ಹಗ್ಗದ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಕೂಡದು ಎಂಬುದು ನಿಯಮ. ಒಂಬತ್ತನೆಯ ವಾಹನದ ಸರದಿಯಲ್ಲಿ ಹುಡುಗರಿಬ್ಬರು ಚಿತ್ರ ತೆಗೆಯಲು ಪಟ್ಟಿ ದಾಟಿ ಬಂದರು. ನಾವು ಸೀಟಿ ಊದಿ, ಬಾವುಟ ಬೀಸಿ ಆಟ ನಿಲ್ಲಿಸಿದೆವು. ಚಾಲಕನಿಗೆ ಸಿಟ್ಟು ಬಂದದ್ದು ಸಹಜ. ಹುಡುಗರು ಹಿಂದೆ ಸರಿದ ಬಳಿಕ ಮತ್ತೆ ಎಳೆಯುವಾಗ ಆ ಹಗ್ಗ ಹರಿಯಿತು! ಗೋಣಿಯ ಭಾರಕ್ಕೆ ಕುಸಿದು, ಹುಡುಗರು ನಿಂತಿದ್ದ ಜಾಗದಲ್ಲಿಯೇ ಕೆಸರಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಕೈಗಳು ಮಾತ್ರ ಬಹಳ ಹೊತ್ತು ನಡುಗುತ್ತಿದ್ದವು. ಸಂಜೆ ಆ ಚಾಲಕ ತಾನಾಗಿಯೇ ಬಂದು ನಮ್ಮ ಕೈಕುಲುಕಿದ.

ಗೆದ್ದದ್ದು ಹಳೆಯದೊಂದು ಜಿಪ್ಸಿ. ದೊಡ್ಡ ಎಂಜಿನ್ನಿನ ಭಾರೀ ಗಾಡಿಗಳು ಹೂತಲ್ಲಿ, ಹಗುರವಾದ ಅದು ಸಹಚಾಲಕನ ಜಾಣ್ಮೆಯಿಂದ ದಾಟಿಬಂತು.

ಪ್ರೇಕ್ಷಕರಿಗೆ ಪಂದ್ಯ ಅಲ್ಲಿಗೆ ಮುಗಿಯಿತು, ನಮಗೆ ಮುಗಿಯಲಿಲ್ಲ. ಮರುದಿನ ಪಟ್ಟಿ, ಗೂಟ, ಬಾಟಲಿಗಳನ್ನು ಆರಿಸಿ, ಚೆಲ್ಲಿದ ಎಣ್ಣೆಯ ಮಣ್ಣನ್ನು ಚೀಲಕ್ಕೆ ತುಂಬಿ, ಚಕ್ರ ಕೊರೆದ ಕಾಲುವೆಗಳನ್ನು ಮುಚ್ಚಿಸಿದೆವು. ಬಾಗಲಕೋಟೆಯ ಚಾಲಕರು ಮಧ್ಯಾಹ್ನದವರೆಗೂ ಯಂತ್ರದಿಂದ ಇಳಿಯಲಿಲ್ಲ. ಹೊರಡುವ ಮುನ್ನ ತೊರೆಯ ಬಳಿಗೆ ಹೋದೆವು. ಮಳೆಯ ನೀರಾದುದರಿಂದ ಕೊಂಚ ಕೆಂಪೇ ಇತ್ತು. ಎಣ್ಣೆಯ ಬಣ್ಣವಂತೂ ಇರಲಿಲ್ಲ. ಅಜ್ಜಿ ತೋಟದ ಬೇಲಿಯಾಚೆ ನಿಂತಿದ್ದರು. "ಹೋದ ವರ್ಷ ಯಾರೋ ಗಾಡಿಯವರು ಕೇಳದೆಯೇ ತೊರೆಗೆ ಇಳಿದಿದ್ದರು" ಎಂದರು. ಆಮೇಲೆ, "ಮುಂದಿನ ವರ್ಷ ಬಂದರೆ ನೀವೇ ಮೊದಲು ಬಂದು ಕೇಳಿ" ಎಂದು ಸೇರಿಸಿದರು.

ಈ ಸಲವೂ ನಾವಾಗಿ ಕೇಳಿರಲಿಲ್ಲ. ಅವರೇ ಬಂದು ಕೇಳಿದ್ದರು. ವಾಸ್ಕೊದ ದಾರಿಯುದ್ದಕ್ಕೂ ನಮಗೆ ಆ ಮಾತೇ ಕಿವಿಯಲ್ಲಿತ್ತು.