ಮೊಮ್ಮಗನು ಕಂಡ ವಸುಂಧರೆ

ದಸರೆಯ ರಜೆಗೆ ಬಳ್ಳಾರಿಯ ನಮ್ಮ ಮನೆಗೆ ಬಂದ ಮೊಮ್ಮಗನು ಹಗಲೆಲ್ಲ ಗಣಕಯಂತ್ರದ ಮುಂದೆಯೇ ಕುಳಿತಿದ್ದನು. ಅದು ೨೦೧೬ರಲ್ಲಿ ಹೊರಬಂದ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟ. ೧ರ ಮುಂದೆ ೧೯ ಸೊನ್ನೆಗಳನ್ನಿಟ್ಟರೂ ಅದರೊಳಗಿನ ಗ್ರಹಗಳ ಲೆಕ್ಕ ಮುಗಿಯದು. ಗದರಿಸಹೋದ ನಾವೂ ಪಕ್ಕದಲ್ಲಿ ಕುಳಿತೆವು. ಒಂದು ಗ್ರಹದಲ್ಲಿ ವಿಷದ ಮಳೆ, ಇನ್ನೊಂದರಲ್ಲಿ ಉರಿಗಾಳಿ, ಮತ್ತೊಂದು ಬರಿಯ ಹಿಮ. ನಾಲ್ಕನೆಯ ಸಂಜೆ ಹಸುರೂ ನೀರೂ ಕೂಡಿದ ಸೌಮ್ಯವಾದ ಗ್ರಹವೊಂದು ದೊರೆಯಿತು. ಕಂಡವನೇ ಹೆಸರಿಡಬಹುದಂತೆ.

“ಏನಿಡಲಿ, ತಾತ?” ಎಂದನು.

“ಸಿರುಗುಪ್ಪ” ಎಂದೆವು.

ತುಂಗಭದ್ರೆಯ ನೀರುಂಡ ಅಲ್ಲಿಯ ಭತ್ತದ ಗದ್ದೆಯನ್ನು ಮಾರಿ ಈ ಮನೆಯನ್ನು ಕಟ್ಟಿಸಿದವರು ನಾವೇ. ವಸುಂಧರೆಯೆಂದರೆ ಸಂಪತ್ತನ್ನು ಧರಿಸಿದವಳೆಂದು ಕುರುಗೋಡಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದೆವು. “ಆ ಊರು ಎಲ್ಲಿದೆ?” ಎಂದು ಹುಡುಗನು ಕೇಳಿದಾಗ ನಮ್ಮ ತಲೆ ತಗ್ಗಿತು. ಮರುದಿನ ಅವನನ್ನು ಕರೆದುಕೊಂಡು ಮೊದಲನೆಯ ಬಸ್ಸು ಹತ್ತಿದೆವು.