ಕಾಲು ಸುತ್ತಿನ ಕತೆ

ಮೊನ್ನೆ ಭಾನುವಾರ ಅಟ್ಟದಿಂದ ಬಾಸ್ ಗಿಟಾರ್ ಇಳಿಸಿದೆ. ಮಾರಿಬಿಡೋಣ ಅಂತ! ಎರಡು ವರ್ಷದಿಂದ ಮುಟ್ಟಿರಲಿಲ್ಲ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಜುಯ್ ಅಂತ ಸದ್ದು ಮಾಡ್ತಿತ್ತು. ಅದು ನಿಲ್ಲಲಿ ಅಂತ ಬ್ರಿಡ್ಜಿನ ಸ್ಯಾಡಲ್‌ಗಳನ್ನ ಏರಿಸ್ತಾ ಹೋಗಿದ್ದೆ. ತಂತಿ ಎತ್ತರಕ್ಕೆ ಹೋಗಿ, ಒತ್ತಿ ಒತ್ತಿ ಬೆರಳೆಲ್ಲ ನೋವು. ನನ್ನ ಕೈಗೆ ಇದು ಆಗಿಬರಲ್ಲ ಅಂತ ಸುಮ್ಮನಾಗಿದ್ದೆ.

ಮಾರೋ ಮುಂಚೆ ಒಮ್ಮೆ ಗಿಟಾರಿನ ಕತ್ತು ನೋಡೋಣ ಅನ್ನಿಸ್ತು. ದಪ್ಪ 'ಇ' ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ ಏಳನೆಯ ಫ್ರೆಟ್ ಹತ್ತಿರ ನೋಡಿದೆ. ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಇಲ್ಲಿ ಚೂರೂ ಇಲ್ಲ! ನಾಲ್ಕು ತಂತಿ ಸೇರಿ ಕತ್ತನ್ನ ಸುಮಾರು 75 ಕೆ.ಜಿ. ಬಲದಿಂದ ಎಳೀತವೆ. ಅದಕ್ಕೆ ಎದುರಾಗಿ ಕತ್ತಿನೊಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳಿದೆ. ನಂದು ಅತಿ ಬಿಗಿಯಾಗಿತ್ತು.

ಅಲೆನ್ ಕೀ ಹಿಡಿದಾಗ ಕೈ ನಡುಗಿತು. ಸಡಿಲವಾಗೋ ದಿಕ್ಕಿಗೆ ಬರೀ ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಕಾರ್ಡ್ ಸಲೀಸಾಗಿ ತೂರಿತು. 12ನೇ ಫ್ರೆಟ್‌ನಲ್ಲಿ 2.5 ಮಿ.ಮೀ. ಎತ್ತರ ಬರೋವರೆಗೆ ಸ್ಯಾಡಲ್ ಇಳಿಸಿದೆ. ಆಮೇಲೆ ಇಂಟೊನೇಶನ್. 12ನೇ ಫ್ರೆಟ್ ಒತ್ತಿದಾಗಿನ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಸದ್ದು ನಿಂತಿತು. ನೋವೂ ಇಲ್ಲ. ತಪ್ಪು ಬೆರಳಿನದ್ದಲ್ಲ, ನಾನು ತಿರುಗಿಸಿದ ತಿರುಪಿನದ್ದು ಅಂತ ತಿಳಿಯೋಕೆ ಎರಡು ವರ್ಷ ಬೇಕಾಯ್ತು ನೋಡಿ.

ಮಾರೋ ಯೋಚನೆ ಸದ್ಯಕ್ಕಿಲ್ಲ. ಪಕ್ಕದ ಮನೆಯವರು ಏನಂತಾರೋ ಗೊತ್ತಿಲ್ಲ :)